ಒಂದಾಣೆಯ ಪಟ್ಟಿಯೂ ಕಾಡಿನ ಕನ್ನಡ ಶಾಲೆಗಳೂ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ಪ್ರದೇಶಗಳು ಇಂದು ಶಿರಸಿ ಶೈಕ್ಷಣಿಕ ಜಿಲ್ಲೆಯ ಆಡಳಿತಕ್ಕೆ ಸೇರಿದ್ದು, ಒಂದೇ ಪಠ್ಯಕ್ರಮವನ್ನೂ ಒಂದೇ ಬಗೆಯ ಬಿಸಿಯೂಟವನ್ನೂ ಪಡೆಯುತ್ತಿದ್ದರೂ, ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳು ಒಂದನ್ನೊಂದು ಹೋಲುವುದಿಲ್ಲ. ಈ ಭೇದಕ್ಕೆ ಪಾಲಕರ ಆಸಕ್ತಿಯನ್ನೋ ಶಿಕ್ಷಕರ ಶ್ರದ್ಧೆಯನ್ನೋ ಕಾರಣವಾಗಿ ಹೇಳುವುದು ರೂಢಿ. ಆದರೆ ಅದರ ಬೇರು, ಶಾಲೆಯ ಖರ್ಚನ್ನು ಯಾವ ಆದಾಯದಿಂದ ತೂಗಿಸಬೇಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಆದ ತೀರ್ಮಾನದವರೆಗೂ ಹೋಗುತ್ತದೆ.

1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾದಾಗ, ಅಲ್ಲಿನ ಶಿಕ್ಷಣ ಇಲಾಖೆಯ ಕ್ರಮವೇ ಇಲ್ಲಿಗೂ ಬಂದಿತು. ಐಗಳ ಮಠಗಳ, ಅಂದರೆ ಊರಿನವರ ಕಾಳುಕಡಿ ಕಾಣಿಕೆಯ ಮೇಲೆ ನಡೆಯುತ್ತಿದ್ದ ಖಾಸಗಿ ಪಾಠಶಾಲೆಗಳ ಜಾಗದಲ್ಲಿ ಸರ್ಕಾರದ ಕನ್ನಡ ಶಾಲೆಗಳು ತಲೆಯೆತ್ತಿದವು. ತರಗತಿಗೆ 'ಇಯತ್ತೆ'ಯೆಂದೂ ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆಗೆ 'ಮುಲ್ಕಿ'ಯೆಂದೂ ಹೆಸರಾಯಿತು. ಮುಲ್ಕಿ ಪಾಸಾದವನಿಗೆ ಶಾಲಾ ಮಾಸ್ತರಿಕೆಯ ಬಾಗಿಲು ತೆರೆಯುತ್ತಿತ್ತು. ಈ ಶಾಲೆಗಳಿಗೆ ಹಣ ಒದಗಿದ್ದು ಮುಖ್ಯವಾಗಿ ಸ್ಥಳೀಯ ನಿಧಿಯಿಂದ: 1869ರ ಮುಂಬಯಿ ಕಾಯ್ದೆಯಂತೆ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚುವರಿ ಪಟ್ಟಿ ವಸೂಲಾಗಿ, ಅದರ ಮೂರನೆಯ ಒಂದು ಪಾಲು ಶಿಕ್ಷಣಕ್ಕೆ ಮೀಸಲಾಗುತ್ತಿತ್ತು.

ನಿಧಿ ಜಿಲ್ಲೆಗೆ ಸೇರಿದ್ದೇ ಆದರೂ, ಅದು ಹುಟ್ಟುತ್ತಿದ್ದುದು ಉತ್ತ ಭೂಮಿಯಿಂದ. ಭತ್ತದ ಬಯಲುಗಳೂ ಕೆರೆಗಳೂ ಇದ್ದ ಹಳಿಯಾಳ ಮತ್ತು ಮುಂಡಗೋಡ, ಧಾರವಾಡದ ಕಡೆಗೆ ತೆರೆದುಕೊಂಡ ಒತ್ತಾದ ಹಳ್ಳಿಗಳ ಸೀಮೆ. ಶಾಲೆ ಬೇಕೆಂದು ಕೇಳುವ ಗೌಡರೂ ಕುಳಕರ್ಣಿಗಳೂ ಅಲ್ಲಿದ್ದರು. ಇಂದಿನ ಜೋಯಿಡಾ, ಅಂದಿನ ಸೂಪಾದ ಸ್ಥಿತಿ ಬೇರೆ. ಅಲ್ಲಿನ ಕುಣಬಿಗಳು ಬಹುಕಾಲ ನೆಚ್ಚಿದ್ದ ಕುಮರಿ ಬೇಸಾಯವನ್ನು, ಎಂದರೆ ಕಾಡು ಕಡಿದು ಸುಟ್ಟ ಬೂದಿಯಲ್ಲಿ ರಾಗಿ ಮುಂತಾದವನ್ನು ಬಿತ್ತುವ ಪದ್ಧತಿಯನ್ನು, 1860ರಲ್ಲೇ ಮದ್ರಾಸ್ ಸರ್ಕಾರ ಅನುಮತಿಯಿಲ್ಲದೆ ಮಾಡಕೂಡದೆಂದು ತಡೆದಿತ್ತು. 1878ರ ಅರಣ್ಯ ಕಾಯ್ದೆಯ ಬಳಿಕ ಕಾಯ್ದಿಟ್ಟ ಕಾಡಿನ ಎಲ್ಲೆ ಇನ್ನೂ ಬಿಗಿಯಾಯಿತು. ಆ ಕಾಡಿನ ಸಾಗುವಾನಿಯಿಂದ ಬಂದ ಹಣ ಅರಣ್ಯ ಇಲಾಖೆಯ ಲೆಕ್ಕಕ್ಕೆ ಜಮೆಯಾಯಿತೇ ಹೊರತು ಒಂದಾಣೆಯ ಪಟ್ಟಿಯ ಲೆಕ್ಕಕ್ಕಲ್ಲ. ಪ್ರಾಂತಕ್ಕೆ ಬೆಲೆಬಾಳುವ ಮರ ಕೊಟ್ಟ ಸೀಮೆಯೇ ಶಾಲೆಯ ಲೆಕ್ಕದಲ್ಲಿ ಬಡವಾಯಿತು.

ದಾಂಡೇಲಿಯದು ತೀರ ಈಚಿನ ಚರಿತ್ರೆ. ಮರದ ಡಿಪೋ ಆಗಿದ್ದ ಊರಿನಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದ ಮೇಲೆ ಹಲವು ಭಾಷೆಗಳ ಕಾರ್ಮಿಕರು ಬಂದು ನೆಲೆಸಿದರು; ನಗರದ ಶಾಲೆಗೆ ಮಕ್ಕಳನ್ನು ಹುಡುಕಿಕೊಂಡು ಹೋಗಬೇಕಾದ ಪ್ರಮೇಯವೇ ಇರಲಿಲ್ಲ. ದಾಂಡೇಲಿ ನಗರದ್ದೂ ಇಡೀ ಜೋಯಿಡಾ ತಾಲ್ಲೂಕಿನದೂ ಜನಸಂಖ್ಯೆ 2011ರ ಗಣತಿಯಲ್ಲಿ ಬಹುಮಟ್ಟಿಗೆ ಒಂದೇ, ತಲಾ 50 ಸಾವಿರ ಚಿಲ್ಲರೆ. ಆದರೆ ಮೊದಲನೆಯದು ಒಂದು ಪೇಟೆಯ ವ್ಯಾಪ್ತಿಯಲ್ಲಿದ್ದರೆ, ಎರಡನೆಯದು ಜಿಲ್ಲೆಯಲ್ಲೇ ಅತಿ ದೊಡ್ಡ ತಾಲ್ಲೂಕಿನ ಕಾಡಿನೊಳಗೆ ಚದುರಿದೆ. ಸಾಲದ್ದಕ್ಕೆ, ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪೇಟೆಯೇ ಮುಳುಗಿ, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ಸಂತ್ರಸ್ತರಲ್ಲಿ ಅನೇಕರು ರಾಮನಗರ ಸೇರಿದರು. ಊರು ಎದ್ದುಹೋದಾಗ ಅದರ ಶಾಲೆಯೂ ಎದ್ದುಹೋಗುತ್ತದೆ.

ಭಾಷೆಯ ಪ್ರಶ್ನೆ ಇದಕ್ಕಿಂತ ಜಟಿಲ. ಕುಣಬಿಗಳ ಮನೆಮಾತು ಕೊಂಕಣಿ, ಗೌಳಿಗರದು ಮರಾಠಿಯ ಒಂದು ಬಗೆ. ಆಫ್ರಿಕಾ ಮೂಲದ ಸಿದ್ದಿಯರಲ್ಲಿ ಮತಕ್ಕನುಗುಣವಾಗಿ ಕೊಂಕಣಿಯೂ ಉರ್ದುವೂ ಬಳಕೆಯಲ್ಲಿವೆ. ಇವರ ಮಕ್ಕಳಿಗೆ ಕನ್ನಡ ಶಾಲೆಯೆಂದರೆ ಅಕ್ಷರಕ್ಕಿಂತ ಮೊದಲು ಮಾತನ್ನೇ ಕಲಿಯಬೇಕಾದ ಸ್ಥಳ. ಹೋಲಿಕೆಗೆ ಮುಂಡಗೋಡದಲ್ಲೇ ಇನ್ನೊಂದು ಉದಾಹರಣೆಯಿದೆ: 1966ರಲ್ಲಿ ನೆಲೆಗೊಂಡ ಟಿಬೆಟನ್ನರ ವಸಾಹತಿಗೆ, 1961ರಲ್ಲಿ ಕೇಂದ್ರ ಸರ್ಕಾರ ರಚಿಸಿದ್ದ ಪ್ರತ್ಯೇಕ ಶಾಲಾ ಆಡಳಿತದ ಬೆಂಬಲ ದೊರೆತು, ಮುಂದೆ ಕಿರಿಯ ತರಗತಿಗಳ ಪಾಠ ಟಿಬೆಟನ್ ಭಾಷೆಯಲ್ಲೇ ನಡೆಯುವಂತಾಯಿತು. ಅದೇ ತಾಲ್ಲೂಕಿನ ಸಿದ್ದಿ ಅಥವಾ ಗೌಳಿ ಮಗುವಿಗೆ ಅಂಥ ಅನುಕೂಲ ಒದಗಲಿಲ್ಲವೆಂಬುದು, ಟಿಬೆಟನ್ನರ ಬಗ್ಗೆ ಅಸೂಯೆಯಿಲ್ಲದೆಯೂ, ಹೇಳಬೇಕಾದ ಮಾತು.

ಕೆಲವೇ ಮಕ್ಕಳ ಶಾಲೆಗೆ ಹೊಂದುವ ಬೋಧನಾಕ್ರಮ ದೊರೆತದ್ದು ಬಹಳ ತಡವಾಗಿ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ರೂಪುಗೊಂಡ 'ನಲಿ-ಕಲಿ' 2009-10ರಲ್ಲಿ ರಾಜ್ಯದಾದ್ಯಂತ ಹಬ್ಬಿತು. ಇದರಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ 'ತಟ್ಟೆ'ಗಳೆಂಬ ಐದು ಗುಂಪುಗಳಾಗಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಕೊನೆಯದರಲ್ಲಿ ಸ್ವಂತ ಕಲಿಕೆ. ಗೋಡೆಯ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ಗುರುತಿಸಿ ಮಗು ತಾನೇ ಕಾರ್ಡನ್ನು ಆರಿಸಿಕೊಳ್ಳುತ್ತದೆ, ಮಾಡಿದ ಚಿತ್ರ ತಲೆಯ ಮೇಲಿನ ದಾರಗಳ ಚಪ್ಪರದಲ್ಲಿ ತೂಗುತ್ತದೆ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳುವುದನ್ನು ಕೊರತೆಯೆನ್ನದೆ ವಿಧಾನವನ್ನಾಗಿ ಮಾಡಿದ್ದು ಇದರ ಹೆಚ್ಚುಗಾರಿಕೆ. ಆದರೆ ಆ ಶಿಕ್ಷಕರು ಸಭೆಗೋ ದಾಖಲೆ ಕೆಲಸಕ್ಕೋ ಹೊರಟ ದಿನ ಐದೂ ತಟ್ಟೆಗಳು ಸ್ವಂತ ಕಲಿಕೆಯವೇ ಆಗುತ್ತವೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳು ಐದನೆಯವರೆಗಿನ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆನ್ನುತ್ತವೆ. ಹಳಿಯಾಳದ ಬಯಲಿನಲ್ಲಿ ಆ ಕಿಲೋಮೀಟರು ಒಂದು ರಸ್ತೆ. ಜೋಯಿಡಾದ ಆಷಾಢದಲ್ಲಿ ಅದರ ನಡುವೆ ತುಂಬಿದ ಹಳ್ಳವೊಂದು ಅಡ್ಡ ಬಂದರೆ ಶಾಲೆ ಮಳೆ ಇಳಿಯುವವರೆಗೂ ದೂರವೇ. ಮಕ್ಕಳ ಸಂಖ್ಯೆಯೊಂದನ್ನೇ ಹಿಡಿದು ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಗಳೊಡನೆ ವಿಲೀನಗೊಳಿಸುವ ಪ್ರಸ್ತಾಪಗಳು ಈ ಎರಡು ಕಿಲೋಮೀಟರುಗಳನ್ನು ಒಂದೆಂದೇ ಎಣಿಸುತ್ತವೆ.