ಮಹಾವೀರಾಚಾರ್ಯರ ಅಂಕಿಮಾಲೆ

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಬಾಯಲ್ಲಿ ಹೇಳಿದರೆ ಇದರ ಚೆಲುವು ತಿಳಿಯುವುದಿಲ್ಲ, ಅಂಕಿಯಲ್ಲೇ ಬರೆಯಬೇಕು: 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆ ಇದೆ. ಗ್ರಂಥದ ಆರಂಭದಲ್ಲೇ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಅವನ ರಾಜಧಾನಿ ಮಾನ್ಯಖೇಟವೆಂದರೆ ಈಗಿನ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಊರು. ಅದೇ ಅರಸನ ಕಾಲದ ‘ಕವಿರಾಜಮಾರ್ಗ’ದ ಹೆಸರು ನಮ್ಮ ಪ್ರತಿ ಶಾಲೆಯ ಮಕ್ಕಳಿಗೂ ಗೊತ್ತು, ಗಣಿತದ ಈ ಗ್ರಂಥದ ಹೆಸರು ಗೊತ್ತಿಲ್ಲ. ಗಣಿತದ ಮೇಷ್ಟ್ರಾದ ನನಗೆ ಇದು ಸಣ್ಣ ನೋವಲ್ಲ.

ಗುಣಾಕಾರದ ಭಾಗದಲ್ಲಿ ಆಚಾರ್ಯರು ಕೊಟ್ಟ ಲೆಕ್ಕ ಇದು: 27994681ನ್ನು 441ರಿಂದ ಗುಣಿಸಿ. ಕರಿಹಲಗೆಯ ಮೇಲೆ ಮೂರೇ ಸಾಲು. ಬಿಡಿ ಸ್ಥಾನದಿಂದ ಕೂಡುತ್ತ ಬಂದರೆ 1, 2, 3, 4, 5, 6 ಎಂದು ಅಂಕಿಗಳು ಏರುತ್ತವೆ. ಮುಂದಿನದು ಏಳೇ ಎಂದು ಹುಡುಗರು ಕೂಗುತ್ತಾರೆ. ಬರುವುದು 5!

ಇದು ಕಾಕತಾಳೀಯವಲ್ಲ. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಸಂಖ್ಯೆ ಆರು ಒಂದುಗಳ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ಕೂರುತ್ತವೆ, ನಡುವಿನ ಸ್ಥಾನದಲ್ಲಿ ಮಾತ್ರ ಆರೂ ಒಂದುಗಳು ಸೇರುತ್ತವೆ. ಒಂಬತ್ತು ಒಂದುಗಳವರೆಗೂ ಈ ಏರಿಳಿತ ಕೆಡುವುದಿಲ್ಲ. ಹತ್ತನೆಯದು ಸೇರಿದೊಡನೆ ದಶಕ ಬಂದು 1234567900987654321 ಆಗುತ್ತದೆ, ಮುಂಭಾಗದ 8 ಮಾಯ. ಆ ಎಂಟಿಲ್ಲದ 12345679 ಕೂಡ ಆಚಾರ್ಯರ ಲೆಕ್ಕಗಳಲ್ಲಿದೆ: ಒಂಬತ್ತರಿಂದ ಗುಣಿಸಿದರೆ 111111111. ಇನ್ನೊಂದು, 139ನ್ನು 109ರಿಂದ ಗುಣಿಸಿದರೆ 15151. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಅಪವರ್ತನಗಳನ್ನು ಬಲ್ಲವರಲ್ಲದೆ ಬೇರೆ ಯಾರೂ ಈ ಲೆಕ್ಕಗಳನ್ನು ಕಟ್ಟಲಾರರು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾವಿರ ವರ್ಷ ಕಳೆದ ಮೇಲೆ, ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ.ರಾ. ಕಾಪ್ರೇಕರ್ ಇದೇ ಬಗೆಯ ಸಂಖ್ಯೆಗಳನ್ನು ಒಂದು ಗುಂಪಾಗಿ ಗುರುತಿಸಿ ಡೆಮ್ಲೊ ಸಂಖ್ಯೆಗಳೆಂದು ಕರೆದರು. ಅವರ ಲೇಖನ 1938ರಲ್ಲಿ ಪ್ರಕಟವಾಯಿತು. ಗಣಿತಸಾರಸಂಗ್ರಹವಾದರೋ 1912ರಲ್ಲೇ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಅಚ್ಚಾಗಿತ್ತು.

ಗುಣಾಕಾರ ಕಲಿಸುವ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ನಾಳೆಯ ತರಗತಿಯಲ್ಲಿ ಕ್ಯಾಲ್ಕುಲೇಟರ್ ಬದಿಗಿಟ್ಟು ಆಚಾರ್ಯರ ಆ 441ರ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಉತ್ತರ ಬಂದ ಮೇಲೆ ಇದು ನೃಪತುಂಗನ ಕಾಲದ್ದು ಎಂದು ಹೇಳಿ.