ಕೂಪನ್ ಚೀಟಿಯೂ ತಗಡಿನ ಬಿಲ್ಲೆಯೂ: ಗಿರಾಕಿಯ ಉಳಿತಾಯದ ಚರಿತ್ರೆ

ತಿಂಗಳ ಮೊದಲ ವಾರದಲ್ಲಿ ದಿನಸಿಯ ಪಟ್ಟಿ ಬರೆಯದ ಸಂಬಳದಾರರ ಮನೆ ಇರಲಾರದು. ಊರು ಬಿಟ್ಟು ಬಂದ ನಮಗಂತೂ ಈ ಪಟ್ಟಿ ಇನ್ನಷ್ಟು ಮುಖ್ಯ. ಊರಿನಲ್ಲಿದ್ದರೆ ಗದ್ದೆಯ ಅಕ್ಕಿಯೋ, ಅಣ್ಣನ ಮನೆಯ ತೆಂಗಿನಕಾಯಿಯೋ, ಹಿತ್ತಿಲ ಕರಿಬೇವೋ ಹೇಗೋ ಒದಗುತ್ತಿತ್ತು. ಇಲ್ಲಿ ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಎಲ್ಲಕ್ಕೂ ಕಾಸು ಬಿಚ್ಚಬೇಕು. ಆದ್ದರಿಂದ ‘ಎರಡು ಕೊಂಡರೆ ಒಂದು ಉಚಿತ’ ಎಂಬ ಫಲಕ ಕಂಡರೆ, ಇಲ್ಲವೆ ಫೋನಿನ ಪರದೆಯ ಮೇಲೆ ಐವತ್ತು ರೂಪಾಯಿಯ ಕೂಪನ್ ಬಂದರೆ ನಮ್ಮ ಕಣ್ಣು ಅತ್ತ ಹೊರಳುವುದು ಸಹಜ. ಹೊರಳಬಾರದೆಂದು ನಾವು ಹೇಳುವುದಿಲ್ಲ. ಆದರೆ ಆ ಐವತ್ತು ರೂಪಾಯಿ ಯಾರ ಜೇಬಿನಿಂದ ಬಂತು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಈ ಪ್ರಶ್ನೆಯನ್ನು ನಮಗಿಂತ ಬಡವರಾಗಿದ್ದ ಜನ ಸುಮಾರು 180 ವರ್ಷಗಳ ಹಿಂದೆಯೇ ಕೇಳಿದ್ದರು. ಅವರು ಕಂಡುಕೊಂಡ ಉತ್ತರ ಮುಂದೆ ನಮ್ಮ ದೇಶಕ್ಕೂ ಬಂತು. ಆ ಕಥೆ ಇಲ್ಲಿದೆ.

ಮಾಲೀಕನ ಟೋಕನ್

ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಅನೇಕ ಗಿರಣಿ, ಗಣಿಗಳ ಮಾಲೀಕರು ಕೂಲಿಯನ್ನು ನಾಣ್ಯದಲ್ಲಿ ಕೊಡುತ್ತಿರಲಿಲ್ಲ. ಸಾಮಾನಿನ ರೂಪದಲ್ಲೋ, ತಮ್ಮದೇ ಅಂಗಡಿಯಲ್ಲಿ ಮಾತ್ರ ನಡೆಯುವ ಟೋಕನ್ನಿನ ರೂಪದಲ್ಲೋ ಕೊಡುತ್ತಿದ್ದರು. ಇದಕ್ಕೆ ‘ಟ್ರಕ್ ಪದ್ಧತಿ’ ಎಂದು ಹೆಸರು. ಆ ಅಂಗಡಿಯಲ್ಲಿ ಹೇಳಿದ್ದೇ ಬೆಲೆ, ತೂಗಿದ್ದೇ ತೂಕ. ಕೈಯಲ್ಲಿ ಟೋಕನ್ ಇದ್ದವನಿಗೆ ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. 1831ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆ ಮಾಡಿ, ಕೂಲಿಯನ್ನು ನಾಣ್ಯದಲ್ಲೇ ಕೊಡಬೇಕೆಂದು ವಿಧಿಸಿತು. ಕಾಯ್ದೆ ಬಂದ ಮೇಲೂ ಕಷ್ಟ ಪೂರ್ತಿ ನೀಗಲಿಲ್ಲ. ಬೀದಿಯ ಅಂಗಡಿಯಲ್ಲಿ ಸಾಲದ ಲೆಕ್ಕ ಬೆಳೆದಿದ್ದ ನೇಕಾರನೂ ಒಂದು ರೀತಿಯಲ್ಲಿ ಆ ಅಂಗಡಿಗೆ ಕಟ್ಟುಬಿದ್ದವನೇ. ಸಾಲ ತೀರುವವರೆಗೆ ಅವನು ಕಲಬೆರಕೆ ಹಿಟ್ಟಿನ ಬಗ್ಗೆ ದೂರುವಂತಿರಲಿಲ್ಲ.

ಕಲಬೆರಕೆಯೂ ಸಾಮಾನ್ಯವಾದದ್ದಾಗಿರಲಿಲ್ಲ. ರೊಟ್ಟಿ ಬೆಳ್ಳಗೆ ಕಾಣಲೆಂದು ಪಟಿಕ ಹಾಕುತ್ತಿದ್ದರು. ಒಮ್ಮೆ ಕುದಿಸಿದ ಚಹಾ ಎಲೆಯನ್ನು ಒಣಗಿಸಿ, ಬಣ್ಣ ಕಟ್ಟಿ ಮತ್ತೆ ಮಾರುತ್ತಿದ್ದರು. 1850ರ ದಶಕದ ಆರಂಭದಲ್ಲಿ ಆರ್ಥರ್ ಹಿಲ್ ಹಾಸಲ್ ಎಂಬ ವೈದ್ಯರು ಲಂಡನ್ನಿನ ಅಂಗಡಿಗಳ ಪದಾರ್ಥಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿ, ಫಲಿತಾಂಶಗಳನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಲೇಜಿನಲ್ಲಿ ಈರುಳ್ಳಿ ಸಿಪ್ಪೆಯನ್ನು ಅದೇ ಉಪಕರಣದ ಕೆಳಗೆ ನೋಡಿ ಅಂಕ ಪಡೆದ ನಮ್ಮಂಥ ವಿಜ್ಞಾನ ಪದವೀಧರರಿಗೆ ಇದು ಸಂತೋಷದ ಸಂಗತಿ. ಕಲಬೆರಕೆಯನ್ನು ತಡೆಯುವ ಮೊದಲ ಕಾಯ್ದೆ ಅಲ್ಲಿ ಬಂದದ್ದು 1860ರಲ್ಲಿ. ಆದರೆ ಲ್ಯಾಂಕಷೈರಿನ ಕೆಲವು ನೇಕಾರರು ಕಾಯ್ದೆಗಾಗಲಿ ಸೂಕ್ಷ್ಮದರ್ಶಕಕ್ಕಾಗಲಿ ಕಾಯದೆ ತಮ್ಮದೇ ದಾರಿ ಹಿಡಿದಿದ್ದರು.

ಇಪ್ಪತ್ತೆಂಟು ಪೌಂಡಿನ ಅಂಗಡಿ

ರಾಚ್‌ಡೇಲ್ ಎಂಬುದು ಮ್ಯಾಂಚೆಸ್ಟರಿನ ಬಳಿಯ ಉಣ್ಣೆಬಟ್ಟೆಯ ಊರು. ಅಲ್ಲಿಯ ನೇಕಾರರೂ ಇತರ ಕಸಬುದಾರರೂ ಕೂಡಿ ವಾರಕ್ಕೆ ಎರಡು ಮೂರು ಪೆನ್ನಿಯಂತೆ ಹಣ ಒಟ್ಟುಮಾಡಿದರು. ತಲೆಗೆ ಒಂದು ಪೌಂಡಿನಂತೆ 28 ಜನರಿಂದ 28 ಪೌಂಡ್ ಬಂಡವಾಳವಾಯಿತು. ಟೋಡ್ ಲೇನ್ ಎಂಬ ಬೀದಿಯಲ್ಲಿ ಒಂದು ಗೋದಾಮಿನ ಕೆಳ ಅಂತಸ್ತನ್ನು ಬಾಡಿಗೆಗೆ ಹಿಡಿದು, 1844ರ ಡಿಸೆಂಬರ್ 21ರ ಸಂಜೆ ಬಾಗಿಲು ತೆರೆದರು. ಒಳಗಿದ್ದ ಸರಕು ಸುಮಾರು 13 ಕಿಲೋ ಬೆಣ್ಣೆ, 25 ಕಿಲೋ ಸಕ್ಕರೆ, 300 ಕಿಲೋ ಹಿಟ್ಟು, ಒಂದು ಮೂಟೆ ಓಟ್ ಹಿಟ್ಟು ಮತ್ತು ಒಂದಿಷ್ಟು ಮೊಂಬತ್ತಿ. ಇಷ್ಟು ಸರಕಿನ ಅಂಗಡಿಯನ್ನು ನೋಡಿ ಬೀದಿಯ ಹುಡುಗರು ಗೇಲಿ ಮಾಡಿದರಂತೆ. ಮೊದಮೊದಲು ಸೋಮವಾರ ಮತ್ತು ಶನಿವಾರದ ಸಂಜೆ ಮಾತ್ರ ವ್ಯಾಪಾರ.

ಇವರ ನಿಯಮಗಳು ಸರಳವಾಗಿದ್ದವು. ಶುದ್ಧ ಪದಾರ್ಥ, ಪೂರಾ ತೂಕ. ನಗದು ವ್ಯವಹಾರ, ಸಾಲವಿಲ್ಲ. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಹೆಂಗಸರೂ ತಮ್ಮ ಹೆಸರಿನಲ್ಲೇ ಸದಸ್ಯರಾಗಬಹುದಿತ್ತು. ಮದುವೆಯಾದ ಹೆಂಗಸಿನ ಸಂಪಾದನೆ ಕಾನೂನಿನ ಪ್ರಕಾರ ಗಂಡನದೇ ಆಗಿದ್ದ ಕಾಲವದು. ಅದನ್ನು ಬದಲಿಸುವ ಮೊದಲ ಕಾಯ್ದೆ ಬಂದದ್ದು 1870ರಲ್ಲಿ.

ಇವೆಲ್ಲಕ್ಕಿಂತ ಹೆಚ್ಚಿನ ಪರಿಣಾಮ ಮಾಡಿದ್ದು ಲಾಭ ಹಂಚುವ ಕ್ರಮ. ರಾಚ್‌ಡೇಲಿನ ಅಂಗಡಿ ಸಾಮಾನನ್ನು ಅಗ್ಗವಾಗಿ ಮಾರಲಿಲ್ಲ. ಪೇಟೆಯ ಬೆಲೆಗೇ ಮಾರಿತು. ಖರ್ಚು ಕಳೆದು, ಬಂಡವಾಳಕ್ಕೆ ಮಿತವಾದ ಬಡ್ಡಿ ಕೊಟ್ಟ ಮೇಲೆ ಉಳಿದ ಹಣವನ್ನು ಷೇರಿನ ಲೆಕ್ಕದಲ್ಲಿ ಹಂಚದೆ, ಯಾರು ಎಷ್ಟು ಕೊಂಡರೋ ಅಷ್ಟರ ಲೆಕ್ಕದಲ್ಲಿ ಹಂಚಿತು. ಒಂದು ಮನೆಯವರು ಮೂರು ತಿಂಗಳಲ್ಲಿ 10 ಪೌಂಡಿನ ದಿನಸಿ ಕೊಂಡರು, ಸಂಘ ಪೌಂಡಿಗೆ 2 ಷಿಲಿಂಗ್ ಲಾಭಾಂಶ ಸಾರಿತು ಎಂದಿಟ್ಟುಕೊಳ್ಳೋಣ. ಆಗ 20 ಷಿಲಿಂಗ್, ಎಂದರೆ ಪೂರಾ ಒಂದು ಪೌಂಡು, ಆ ಮನೆಗೆ ಹಿಂದಿರುಗುತ್ತಿತ್ತು. ಬೇಡವೆಂದರೆ ಅದು ಅವರ ಷೇರಿನ ಖಾತೆಗೆ ಜಮೆಯಾಗುತ್ತಿತ್ತು. ಪ್ರತಿದಿನ ಒಂದೊಂದು ಕಾಸು ಎತ್ತಿಡುವುದು ಬಡವರ ಮನೆಯಲ್ಲಿ ಸುಲಭವಲ್ಲ. ಇಲ್ಲಿಯಾದರೋ ಖರ್ಚು ಮಾಡುತ್ತಿದ್ದಂತೆಯೇ ಉಳಿತಾಯವೂ ಬೆಳೆಯುತ್ತಿತ್ತು.

ಬ್ರಿಟನ್ನಿನ ಸಹಕಾರ ಅಂಗಡಿಗಳಲ್ಲಿ ಈ ಲೆಕ್ಕ ಇಡಲು ಕೊಂಡ ಮೊತ್ತಕ್ಕೆ ತಕ್ಕಂತೆ ತಗಡಿನ ಬಿಲ್ಲೆಗಳನ್ನು ಕೊಡುವ ಪದ್ಧತಿ ಹರಡಿತು. ಗೃಹಿಣಿಯರು ಅವನ್ನು ಡಬ್ಬಿಯಲ್ಲಿ ಕೂಡಿಟ್ಟು, ಲೆಕ್ಕದ ದಿನ ತಂದು ಒಪ್ಪಿಸುತ್ತಿದ್ದರು. ನೋಡಲು ಇದೂ ಮಾಲೀಕನ ಟೋಕನ್ನಿನಂಥದೇ. ಆದರೆ ಆ ಟೋಕನ್ ಕೂಲಿಯವನನ್ನು ಅಂಗಡಿಗೆ ಕಟ್ಟಿಹಾಕಿತ್ತು. ಈ ಬಿಲ್ಲೆ ಅಂಗಡಿಯನ್ನೇ ಅವನದಾಗಿಸಿತು. 1845ರ ಕೊನೆಗೆ ಸದಸ್ಯರು 74, 1850ರಲ್ಲಿ 600, 1860ರಲ್ಲಿ 3,450. ಮುಂದೆ 1883ರಲ್ಲಿ ಸಹಕಾರಿ ಮಹಿಳೆಯರ ಗಿಲ್ಡ್ ಹುಟ್ಟಿತು. ಬುಟ್ಟಿ ಹಿಡಿದು ಅಂಗಡಿಗೆ ಹೋಗುವವಳು ಆಡಳಿತದಲ್ಲೂ ಮಾತಾಡಬೇಕೆಂಬುದು ಅದರ ನಿಲುವು.

ಕಂಪನಿಯ ಕೂಪನ್

ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದಲ್ಲಿ, ಚೀಟಿ ಬೇರೊಂದು ದಾರಿ ಹಿಡಿಯಿತು. 1886ರಲ್ಲಿ ಅಟ್ಲಾಂಟಾ ನಗರದ ಔಷಧಿ ಅಂಗಡಿಯೊಂದರಲ್ಲಿ ಗ್ಲಾಸಿಗೆ 5 ಸೆಂಟಿನಂತೆ ಕೋಕಾ ಕೋಲಾ ಮಾರಾಟ ಶುರುವಾಯಿತು. ಒಂದೆರಡು ವರ್ಷದೊಳಗೆ ‘ಈ ಚೀಟಿ ತಂದವರಿಗೆ ಒಂದು ಗ್ಲಾಸು ಉಚಿತ’ ಎಂಬ ಚೀಟಿಗಳು ಹೊರಬಂದವು. ಇಂದಿನ ಕೂಪನ್ನಿನ ಹಿರಿಯಣ್ಣ ಇದೇ ಎಂದು ಎಣಿಸುವುದುಂಟು. ಒಮ್ಮೆ ರುಚಿ ನೋಡಿದವನು ಎರಡನೆಯ ಸಲ ಕಾಸು ಕೊಟ್ಟು ಕುಡಿಯುತ್ತಾನೆಂಬುದು ಲೆಕ್ಕ. ಲೆಕ್ಕ ತಪ್ಪಲಿಲ್ಲವೆಂಬುದನ್ನು ಲೋಕವೇ ಬಲ್ಲದು.

1896ರಲ್ಲಿ ಸ್ಪೆರಿ ಮತ್ತು ಹಚಿನ್ಸನ್ ಎಂಬಿಬ್ಬರು ಹಸಿರು ಸ್ಟಾಂಪಿನ ವ್ಯಾಪಾರ ತೆರೆದರು. ಅವರು ಸ್ಟಾಂಪುಗಳನ್ನು ಅಂಗಡಿಯವರಿಗೆ ಮಾರುವರು. ಅಂಗಡಿಯವನು ಗಿರಾಕಿಗೆ 10 ಸೆಂಟಿನ ಖರೀದಿಗೆ ಒಂದರಂತೆ ಕೊಡುವನು. ಗಿರಾಕಿ ಅದನ್ನು ಪುಸ್ತಕದಲ್ಲಿ ಅಂಟಿಸುವನು. ಒಂದು ಪುಸ್ತಕಕ್ಕೆ 1,200 ಸ್ಟಾಂಪು. ಎಂದರೆ 120 ಡಾಲರ್ ಖರ್ಚಾದ ಮೇಲೆ ಒಂದು ಪುಸ್ತಕ ತುಂಬಿ, ಅದಕ್ಕೆ ಬದಲಾಗಿ ಪಾತ್ರೆಯೋ ದೀಪವೋ ಸಿಕ್ಕುವುದು. ಸ್ಟಾಂಪು ಕೊಳ್ಳಲು ಅಂಗಡಿಯವನು ತೆತ್ತ ಹಣ ಅವನ ಖರ್ಚಿನ ಬಾಬತ್ತಿಗೆ ಸೇರುವುದು. ಖರ್ಚು ಬೆಲೆಯಲ್ಲಿ ಅಡಗುವುದು. ಸ್ಟಾಂಪು ಅಂಟಿಸದೆ ಬಿಸಾಡಿದ ಗಿರಾಕಿಯೂ ಅದರ ಬೆಲೆ ತೆತ್ತೇ ಇರುತ್ತಿದ್ದ.

ಇದಕ್ಕೆ ಸ್ಪಷ್ಟವಾದ ಸಾಕ್ಷ್ಯ ದೊರೆತದ್ದು ಬ್ರಿಟನ್ನಿನಲ್ಲಿ. ಅಲ್ಲಿ 1958ರಲ್ಲಿ ರಿಚರ್ಡ್ ಟಾಂಪ್ಕಿನ್ಸ್ ಎಂಬವರು ‘ಗ್ರೀನ್ ಷೀಲ್ಡ್’ ಸ್ಟಾಂಪು ಆರಂಭಿಸಿದರು. ಟೆಸ್ಕೋ ಎಂಬ ದೊಡ್ಡ ಅಂಗಡಿಗಳ ಸಮೂಹ ವರ್ಷಗಟ್ಟಲೆ ಅದನ್ನು ಹಂಚಿತು. 1977ರಲ್ಲಿ ಟೆಸ್ಕೋ ಸ್ಟಾಂಪನ್ನು ಕೈಬಿಟ್ಟು, ಅದರಿಂದ ಉಳಿದ ಹಣದಲ್ಲಿ ಸಾಮಾನಿನ ಬೆಲೆ ಇಳಿಸುವುದಾಗಿ ಸಾರಿತು. ಗಿರಾಕಿಗಳು ನುಗ್ಗಿ ಬಂದರು. ಸ್ಟಾಂಪು ಹೋದೊಡನೆ ಬೆಲೆ ಇಳಿಸಲು ಸಾಧ್ಯವಾಯಿತೆಂದರೆ, ಅಲ್ಲಿಯವರೆಗೆ ಆ ‘ಉಚಿತ’ ಪಾತ್ರೆಯ ಬೆಲೆ ಕೊಟ್ಟವರಾರು? ಉತ್ತರವನ್ನು ಓದುಗರಿಗೇ ಬಿಡುತ್ತೇವೆ.

ಟ್ರಿಪ್ಲಿಕೇನಿನಿಂದ ನಾಯಗಾಂವ್‌ವರೆಗೆ

ರಾಚ್‌ಡೇಲಿನ ಮಾದರಿ ನಮ್ಮ ದೇಶದಲ್ಲಿ ಮೊದಲು ಬೇರೂರಿದ ಸ್ಥಳಗಳಲ್ಲಿ ಮದ್ರಾಸು ಒಂದು. 1904ರಲ್ಲಿ ತಿರುವಲ್ಲಿಕ್ಕೇಣಿಯ, ಎಂದರೆ ಟ್ರಿಪ್ಲಿಕೇನಿನ, ಕೆಲವು ವಿದ್ಯಾವಂತರು ಸೇರಿ ಟ್ರಿಪ್ಲಿಕೇನ್ ಅರ್ಬನ್ ಕೋಆಪರೇಟಿವ್ ಸೊಸೈಟಿ ಸ್ಥಾಪಿಸಿದರು. ಆಗ ಅಲ್ಲಿಯ ಹಿಂದೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಅದರ ಪ್ರವರ್ತಕರಲ್ಲೊಬ್ಬರು. ಅದೇ ವರ್ಷ ಬಂದ ಸಹಕಾರ ಕಾಯ್ದೆ ಸಾಲದ ಸಂಘಗಳಿಗೆ ಮಾತ್ರ ಸಂಬಂಧಿಸಿತ್ತು. ಇತರ ಬಗೆಯ ಸಂಘಗಳಿಗೆ ದಾರಿ ತೆರೆದದ್ದು 1912ರ ಕಾಯ್ದೆ.

ಈ ಚರಿತ್ರೆಯಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಎಲ್ಲರಿಗೂ ತಿಳಿದದ್ದೇ. ವಲಸೆ ಬಂದ ನಮಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಕೆನರಾ ಜಿಲ್ಲೆಗಳಿಂದ ಮುಂಬಯಿಗೆ ಬಂದು ನೌಕರಿ ಹಿಡಿದ ಚಿತ್ರಾಪುರ ಸಾರಸ್ವತ ಕುಟುಂಬಗಳು, ಎಸ್. ಎಸ್. ತಲ್ಮಕಿಯವರ ಮುಂದಾಳ್ತನದಲ್ಲಿ 1906ರಲ್ಲಿ ಶಾಮರಾವ್ ವಿಠ್ಠಲ್ ಸಹಕಾರ ಸಂಘ ಆರಂಭಿಸಿದವು. ಅದೇ ಮುಂದೆ ಬ್ಯಾಂಕಾಯಿತು. 1915ರಲ್ಲಿ ಗಾಮದೇವಿಯಲ್ಲಿ ಅದೇ ಸಮುದಾಯದ ಸಹಕಾರಿ ಗೃಹನಿರ್ಮಾಣ ಸಂಘವೂ ಹುಟ್ಟಿತು. ಪರ ಊರಿನಲ್ಲಿ ಒಬ್ಬೊಬ್ಬರಿಂದ ಆಗದ್ದನ್ನು ಹತ್ತು ಮನೆಯವರು ಕೂಡಿ ಮಾಡಿದರು. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಅಲ್ಲಿ ಗಾದೆಯಾಗಿ ಉಳಿಯದೆ ಲೆಕ್ಕಪತ್ರವಾಯಿತು.

ಎರಡನೆಯ ಮಹಾಯುದ್ಧದಲ್ಲಿ ದವಸ ದುರ್ಲಭವಾಗಿ, 1943ರಲ್ಲಿ ಮುಂಬಯಿಗೆ ರೇಷನ್ ಪದ್ಧತಿ ಬಂತು. ನಿಯಂತ್ರಿತ ಸರಕು ಹಂಚಲು ಎಲ್ಲೆಡೆ ಸಹಕಾರಿ ಅಂಗಡಿಗಳು ಹುಟ್ಟಿದವು. ನಿಯಂತ್ರಣ ಹೋದಂತೆ ಅವುಗಳಲ್ಲಿ ಅನೇಕವು ಬಾಡಿದವು. ಸಾಲ ಕೊಡುವ, ಮನೆಗೆ ಸಾಮಾನು ತಲುಪಿಸುವ ಅಂಗಡಿಗೆ ಜನ ಹಿಂದಿರುಗಿದರು. ಆದರೂ 1948ರಲ್ಲಿ ಮುಂಬಯಿಯ ನಾಯಗಾಂವ್‌ನಲ್ಲಿ, ಗಿರಣಿ ಕಾರ್ಮಿಕರ ನಡುವೆ ಹುಟ್ಟಿದ ಸಣ್ಣ ಅಂಗಡಿಯೊಂದು ‘ಅಪ್ನಾ ಬಜಾರ್’ ಆಗಿ ದಶಕಗಳ ಕಾಲ ನಗರದ ಮನೆಮಾತಾಯಿತು.

1962ರ ಚೀನಾ ಯುದ್ಧದ ವೇಳೆಗೆ ಬೆಲೆ ಏರಿದಾಗ ಕೇಂದ್ರ ಸರ್ಕಾರ ಗ್ರಾಹಕ ಸಹಕಾರಕ್ಕೆ ಯೋಜನೆ ಹಾಕಿತು. ನಮ್ಮಂಥ ಕೇಂದ್ರ ನೌಕರರಿಗಾಗಿ 1963ರಲ್ಲಿ ದೆಹಲಿಯಲ್ಲಿ ಕೇಂದ್ರೀಯ ಭಂಡಾರ ಸ್ಥಾಪನೆಯಾಯಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಬೆನ್ನಿಗೇ ಕನಾಟ್ ಪ್ಲೇಸಿನಲ್ಲಿ ಸೂಪರ್ ಬಜಾರ್ ತೆರೆಯಿತು. ಒಂದೇ ಸೂರಿನಡಿ ಅಕ್ಕಿಯಿಂದ ಬಟ್ಟೆಯವರೆಗೆ ದೊರೆಯುವ ಆ ಅಂಗಡಿ ಒಂದು ಪೀಳಿಗೆಗೆ ಬೆಲೆಯ ಅಳತೆಗೋಲಾಗಿತ್ತು. 2002ರಲ್ಲಿ ಅದನ್ನು ಮುಚ್ಚಲಾಯಿತು.

ಹೀಗೇಕಾಯಿತು? ಸೂಪರ್ ಬಜಾರಿನಂಥ ಕಡೆ ಬಂಡವಾಳ ಬಹುಪಾಲು ಸರ್ಕಾರದ್ದು, ಆಡಳಿತವೂ ಸರ್ಕಾರ ನೇಮಿಸಿದ ಅಧಿಕಾರಿಗಳದು. ರಾಚ್‌ಡೇಲಿನ ನೇಕಾರ ವಾರಕ್ಕೆ ಎರಡು ಪೆನ್ನಿ ಕಟ್ಟಿದ್ದರಿಂದ ಅಂಗಡಿಯ ತಕ್ಕಡಿ ಅವನದಾಗಿತ್ತು. ನಮ್ಮಲ್ಲಿ ಗಿರಾಕಿ ಒಳಗೆ ಬಂದು, ಅಗ್ಗವಾದದ್ದನ್ನು ಕೊಂಡು ಹೊರಗೆ ಹೋದ. ಸರ್ವಸದಸ್ಯರ ಸಭೆಯ ಕುರ್ಚಿಗಳು ಖಾಲಿಯಿದ್ದ ಸಂಘ ಎಷ್ಟು ದಿನ ಬಾಳೀತು?

ಇಂದಿಗೆ ಇದರಿಂದ ಏನು?

ಈಗಿನ ಫೋನಿನ ಕೂಪನ್ 1888ರ ಚೀಟಿಯ ಮೊಮ್ಮಗನೇ. ಐನೂರರ ಸಾಮಾನು ಕೊಂಡರೆ ಐವತ್ತು ಬಿಡುವುದಾಗಿ ಹೇಳಿ, ಮುನ್ನೂರಕ್ಕೆ ಮುಗಿಯುವ ಪಟ್ಟಿಯನ್ನು ಐನೂರಕ್ಕೆ ಬೆಳೆಸುವುದು ಅದರ ಕೆಲಸ. ಹಾಗೆ ಮಾಡಿದಾಗ ಐವತ್ತು ಉಳಿಯಲಿಲ್ಲ, ನೂರೈವತ್ತು ಹೆಚ್ಚು ಹೋಯಿತು. ಪಟ್ಟಿಯಲ್ಲಿ ಮೊದಲೇ ಬರೆದ ಸಾಮಾನಿಗೆ ಕೂಪನ್ ಒದಗಿದರೆ ಅದು ಲಾಭ; ಕೂಪನ್ನಿಗಾಗಿ ಪಟ್ಟಿಗೆ ಸೇರಿಸಿದ್ದು ನಷ್ಟ. ಪೊಟ್ಟಣದ ಮೇಲೆ ಗ್ರಾಂ ಅಥವಾ ಕಿಲೋ ಲೆಕ್ಕದ ದರವನ್ನೂ ಮುದ್ರಿಸಬೇಕೆಂಬ ನಿಯಮ ನಮ್ಮಲ್ಲಿ ಬಂದಿದೆ. ‘ಶೇಕಡ 20 ಹೆಚ್ಚು’ ಎಂಬ ದಪ್ಪಕ್ಷರಕ್ಕಿಂತ ಮೊದಲು ಆ ಸಣ್ಣಕ್ಷರವನ್ನು ಓದುವುದು ಒಳ್ಳೆಯ ಅಭ್ಯಾಸ.

ಕೂಡಿ ಕೊಳ್ಳುವ ಕಾಲ ಮುಗಿಯಿತೆಂದು ತಿಳಿಯಬೇಕಾಗಿಲ್ಲ. 1975ರಲ್ಲಿ ಆರಂಭವಾದ ಮುಂಬಯಿ ಗ್ರಾಹಕ ಪಂಚಾಯತಿನ ಪದ್ಧತಿಯಲ್ಲಿ ನೆರೆಹೊರೆಯ ಮನೆಗಳು ಒಂದು ಗುಂಪಾಗಿ, ತಿಂಗಳ ಬೇಡಿಕೆಯನ್ನು ಒಟ್ಟಿಗೆ ಬರೆದು ಕಳಿಸುತ್ತವೆ. ಸಗಟಾಗಿ ಕೊಂಡ ಸರಕು ಒಂದು ಮನೆಗೆ ಬಂದಿಳಿಯುತ್ತದೆ, ಸದಸ್ಯರೇ ಹಂಚಿಕೊಳ್ಳುತ್ತಾರೆ. ಅಂಗಡಿಯ ಬಾಡಿಗೆಯಿಲ್ಲ, ಜಾಹೀರಾತಿನ ಖರ್ಚಿಲ್ಲ, ಉಳಿದದ್ದು ಬೆಲೆಯಲ್ಲೇ ಕಾಣುತ್ತದೆ.

ರಾಗಿ, ಸೋನಾ ಮಸೂರಿ, ಬ್ಯಾಡಗಿ ಮೆಣಸಿನಕಾಯಿ, ಉಂಡೆಬೆಲ್ಲಗಳಿಗಾಗಿ ನಾವು ಈ ನಗರದ ಎಷ್ಟೋ ಬೀದಿ ಸುತ್ತುತ್ತೇವೆ. ಒಂದು ಕಿಲೋ ಸಿಕ್ಕರೆ ಕೇಳಿದ ಬೆಲೆ ಕೊಡುತ್ತೇವೆ. ಸಂಘದ ಮಾಸಿಕ ಸಭೆಗೆ ಬರುವ ಹತ್ತು ಮನೆಯವರು ತಮ್ಮ ಪಟ್ಟಿಗಳನ್ನು ಒಂದು ಹಾಳೆಯ ಮೇಲೆ ಒಟ್ಟುಗೂಡಿಸಿದರೆ ಅದೇ ಒಂದು ಮೂಟೆಯ ಬೇಡಿಕೆಯಾಗುತ್ತದೆ. ಒಬ್ಬರು ಲೆಕ್ಕ ಬರೆಯಬೇಕು, ಇನ್ನೊಬ್ಬರು ಅದನ್ನು ತಿದ್ದಬೇಕು, ಉಳಿದವರು ಸಭೆಗೆ ಬಂದು ಕೇಳಬೇಕು. ಲೆಕ್ಕ ಬರೆಯುವ ಗುಮಾಸ್ತರಿಗಂತೂ ನಮ್ಮಲ್ಲಿ ಬರವಿಲ್ಲ.