ಅರ್ಥಕ್ಕೆ ಮೊದಲು ನಾದ

ನಾಲ್ಕು ವರ್ಷದ ನನ್ನ ಮಗಳು ಒಮ್ಮೆ ಕುಣಿಯುತ್ತ ಪದ ಕಟ್ಟಿದಳು. 'ಬೆಕ್ಕು' ಎಂಬುದಕ್ಕೆ ಜೊತೆಯಾಗಿ 'ಜೆಕ್ಕು' ಎಂದಳು. ಅಂಥ ಶಬ್ದವಿಲ್ಲವೆಂದು ನಾನು ತಿದ್ದಿದೆ, ಕುಣಿತವೂ ನಿಂತಿತು.

ರಷ್ಯದ ಕವಿ ಕೊರ್ನೇಯ್ ಚುಕೋವ್‌ಸ್ಕಿ ಹೀಗೆ ತಿದ್ದದೆ, ಮಕ್ಕಳ ಇಂಥ ಪದಗಳನ್ನು ಬರೆದಿಟ್ಟುಕೊಂಡವರು. 1928ರಲ್ಲಿ ಅವರ 'ಮೊಸಳೆ' ಎಂಬ ಶಿಶುಕಾವ್ಯವನ್ನು ಲೆನಿನ್ನರ ಮಡದಿ ಕ್ರೂಪ್‌ಸ್ಕಾಯಾ 'ಪ್ರಾವ್ದಾ' ಪತ್ರಿಕೆಯಲ್ಲಿ ಹುರುಳಿಲ್ಲದ್ದೆಂದು ಖಂಡಿಸಿದರು. ಅದೇ ವರ್ಷ ಅವರ 'ಪುಟ್ಟ ಮಕ್ಕಳು' ಗ್ರಂಥ ಹೊರಬಂದಿತು. ಮುಂದೆ ಅದೇ 'ಎರಡರಿಂದ ಐದು' ಎಂದು ಹೆಸರಾಯಿತು. ಶಿಶುವಿನ ಪದ್ಯ ಹುಟ್ಟುವುದು ನೆಗೆತದಲ್ಲಿ, ಶಬ್ದದೊಡನೆ ಆಡುತ್ತಲೇ ಮಗು ನುಡಿಯನ್ನು ಕಲಿಯುತ್ತದೆ ಎಂಬುದು ಅದರ ತಿರುಳು.

ಅದನ್ನೋದಿದ ಮೇಲೆ 'ಜೆಕ್ಕು' ಮತ್ತೆ ನೆನಪಾಯಿತು. ಎರಡನೆಯ ಅಕ್ಷರದಲ್ಲಿ ಪ್ರಾಸವಿಡಬೇಕೆಂಬ ಹಳಗನ್ನಡದ ಕಟ್ಟಳೆಯನ್ನು ವರ್ಷಗಟ್ಟಲೆ ಬೋಧಿಸಿದವನು ನಾನು. ಆ ಕೂಸು ಅದನ್ನು ಕುಣಿಯುತ್ತಲೇ ಪಾಲಿಸಿತ್ತು, ತಪ್ಪಿದವನೂ ನಾನೇ.